ಹೆಣ ಹೇಳಿಕೊಟ್ಟ ಮಾತು

೧೯೬೫ ಅಕ್ಟೋಬರ್ ೪, ಸೋಮವಾರ

ಮತ್ತೆ ಸಾಯುವ ಕೆಲಸ ಸಿಕ್ಕಿದೆ. ಈ ಸಲ ಬೆಟ್ಟದ ತಪ್ಪಲಿನ ಹೆಂಡದಂಗಡಿಯ ಮಾಲೀಕ. ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದು ಕೋಟೆಗೆ ದಾರಿ ಕೇಳುತ್ತದೆ. ನಾನು ಲೋಟ ಒರೆಸುವುದನ್ನು ನಿಲ್ಲಿಸಿ, ಮುಖ ಬಿಳಿಚಿಕೊಂಡು, ‘ಕತ್ತಲಾದ ಮೇಲೆ ಆ ಕಡೆ ಹೋಗಬೇಡಿ’ ಎನ್ನುತ್ತೇನೆ. ಅವರು ಹೋಗುತ್ತಾರೆ, ನಾನು ಸಾಯುತ್ತೇನೆ. ಹೋಗಬೇಡಿ ಎಂದವನು ಏಕೆ ಸಾಯಬೇಕು, ಹೋದವರು ಕೊನೆಗೆ ಏಕೆ ತಬ್ಬಿಕೊಂಡು ಗಾಡಿ ಹತ್ತಬೇಕು ಎಂದು ನಮ್ಮ ಸ್ಟುಡಿಯೋದಲ್ಲಿ ಇದುವರೆಗೆ ಯಾರೂ ಕೇಳಿಲ್ಲ.

ನಮ್ಮ ಸ್ಟುಡಿಯೋ ಇರುವ ಥೇಮ್ಸ್ ದಂಡೆಯ ಈ ಹಳೆಯ ಬಂಗಲೆಯಲ್ಲಿ ನಾನು ಗಾಡಿ ಹೊಡೆಯುವವನಾಗಿ, ಗೋರಿ ತೋಡುವವನಾಗಿ, ಊರ ಮೇಯರಾಗಿ, ಪಾದ್ರಿಯಾಗಿ ಸತ್ತಿದ್ದೇನೆ. ತೋಳ ಹರಿದಿದೆ, ಪಿಶಾಚಿ ಹೀರಿದೆ, ಒಮ್ಮೆ ಒಂದು ಗಿಡ ನುಂಗಿದೆ. ಪ್ರೇಕ್ಷಕರ ಐಸ್‌ಕ್ರೀಮ್ ಕರಗುವ ಮೊದಲೇ ನನ್ನ ಕಥೆ ಮುಗಿದಿರುತ್ತದೆ. ‘ಹೆಂಡದಂಗಡಿಯವನು: ಹೋರೇಸ್ ಟಿಬಿಟ್’ ಎಂದು ಪರದೆಯ ಮೇಲೆ ಬರುವ ಹೊತ್ತಿಗೆ ಜನ ಕೋಟಿಗೆ ತೋಳು ತೂರಿಸಿಕೊಂಡು, ಚಿತ್ರ ಮುಗಿದ ಮೇಲಿನ ರಾಷ್ಟ್ರಗೀತೆ ಶುರುವಾಗುವ ಮೊದಲೇ ಬಾಗಿಲಿಗೆ ನುಗ್ಗುತ್ತಿರುತ್ತಾರೆ.

ಈ ಸಲ ಹೊಟ್ಟೆ ಉರಿಯುವುದಕ್ಕೆ ಬೇರೆ ಕಾರಣವಿದೆ. ಇಂಥ ಪ್ರತಿಯೊಂದು ಚಿತ್ರದಲ್ಲೂ ಒಬ್ಬ ಪ್ರೊಫೆಸರ್ ಇರುತ್ತಾನೆ. ಪಿಶಾಚಿಯ ವಿಷಯವೆಲ್ಲ ಅವನಿಗೆ ಗೊತ್ತು, ಉದ್ದುದ್ದ ಮಾತೆಲ್ಲ ಅವನದೇ, ಮತ್ತು ಅವನು ಸಾಯುವುದಿಲ್ಲ. ಬೇಸಿಗೆಯಲ್ಲಿ ಪಬ್ಬಿನಲ್ಲಿ ನಿರ್ದೇಶಕ ರಸ್ಕ್ ನನ್ನ ಹೆಗಲ ಮೇಲೆ ಕೈಹಾಕಿ, "ಮುಂದಿನ ಚಿತ್ರದಲ್ಲಿ ಪ್ರೊಫೆಸರ್ ನೀನೇ ಕಣಯ್ಯಾ, ಹೋರೇಸ್" ಅಂದಿದ್ದ. ಬಿಯರಿನ ನೊರೆ ಇಳಿಯುವಷ್ಟರಲ್ಲಿ ಆ ಮಾತೂ ಇಳಿದುಹೋಗಿರಬೇಕು. ಪಾತ್ರ ಲಯನೆಲ್ ಹಾರ್ಬಾಟಲ್‌ಗೆ ಹೋಗಿದೆ.

ಮನೆಗೆ ಬಂದು ಮೇವಿಸ್‌ಗೆ ಹೇಳಿದೆ. ಅವಳು ಆಲೂಗೆಡ್ಡೆಯ ಸಿಪ್ಪೆ ಹೆರೆಯುತ್ತಾ, "ಹೋಗ್ಲಿ ಬಿಡು ಹೋರೇಸ್. ನಿನ್ನಷ್ಟು ಚೆನ್ನಾಗಿ ಯಾರೂ ಸಾಯಲ್ಲ" ಅಂದಳು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿ ಕೊಟ್ಟ ಬಿರುದು ಇದು.

ಅಕ್ಟೋಬರ್ ೬, ಬುಧವಾರ

ಹಾರ್ಬಾಟಲ್ ಬಂದ. ಬಂದ ಎಂದರೆ ಸಾಲದು, ಚಿತ್ತೈಸಿದ. ಎಪ್ಪತ್ತು ದಾಟಿದರೂ ಬೆನ್ನು ನೆಟ್ಟಗಿದೆ, ಧ್ವನಿ ಈಗಲೂ ಗೋಡೆಗೆ ಬಡಿದು ವಾಪಸು ಬರುತ್ತದೆ. ನಾನು ಹುಡುಗನಾಗಿದ್ದಾಗ ಅವನ ನಾಟಕ ಕಂಪನಿಯಲ್ಲಿದ್ದೆ. ಅವನು ರಾಜ. ನಾನು ರಾಜನ ಹಿಂದೆ ಈಟಿ ಹಿಡಿದು ನಿಲ್ಲುವವನು. ಮೂರು ಚಳಿಗಾಲ ಅವನ ಬೆನ್ನನ್ನೇ ನೋಡಿದ್ದೇನೆ. ಆ ಬೆನ್ನಿನ ಬಗ್ಗೆ ನನಗೆ ಗೊತ್ತಿರುವಷ್ಟು ಅವನ ದರ್ಜಿಗೂ ಗೊತ್ತಿರಲಾರದು.

ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಂಡದಂಗಡಿಯೋನು ನೀನೇ ಏನಪ್ಪಾ? ಸರಿ ಸರಿ. ನಿನ್ನ ಮುಖಕ್ಕೆ ಒಪ್ಪುತ್ತೆ" ಎಂದ. ಅವನಿಗೆ ಹಿಂಬದಿಯಲ್ಲಿ ಹೆಸರು ಬರೆದ ಕುರ್ಚಿ ತಂದುಕೊಟ್ಟರು. ನಾನು ಕೂರುವುದು ಮೇಕಪ್ ಮಾಡುವ ಐಡಾಳ ಪೆಟ್ಟಿಗೆಯ ಮೇಲೆ, ಅದೂ ಅವಳಿಗೆ ಪೌಡರ್ ಬೇಡದಿದ್ದಾಗ.

ಅಕ್ಟೋಬರ್ ೭, ಗುರುವಾರ

ಇವತ್ತು ನನ್ನ ಜನ್ಮ ಸಾರ್ಥಕವಾಯಿತು.

ನಮ್ಮ ಹೆಂಡದಂಗಡಿಯ ಸೆಟ್ ಹೋದ ಮಾರ್ಚ್‌ನಲ್ಲಿ ತೋಳ-ಮನುಷ್ಯನ ಚಿತ್ರದಲ್ಲಿ ಬೇಟೆಗಾರನ ಮನೆಯಾಗಿತ್ತು. ಅದೇ ತೊಲೆ, ಅದೇ ಒಲೆ, ಗೋಡೆಗೆ ಮಾತ್ರ ಹೊಸ ಬಣ್ಣ. ಆಗಲೂ ಹಾರ್ಬಾಟಲ್ ಪ್ರೊಫೆಸರನೇ, ಹಾಕಿದ್ದ ಕೋಟೂ ಇದೇ. ಇವತ್ತು ಅವನು ಒಲೆಯ ಮುಂದೆ ನಿಂತು, ಕೋಟಿನ ಕಾಲರ್ ಹಿಡಿದು, ರಕ್ತಪಿಶಾಚಿಯನ್ನು ಕೊಲ್ಲುವ ವಿಧಾನ ವಿವರಿಸತೊಡಗಿದ. ಹುಣ್ಣಿಮೆಯ ದಿನ ಬೆಳ್ಳಿಯ ಗುಂಡಿನಿಂದಲೇ ಹೊಡೆಯಬೇಕಂತೆ. ಎಷ್ಟು ಗಂಭೀರವಾಗಿ ಹೇಳಿದನೆಂದರೆ, ನಾನೂ ಲೋಟ ಒರೆಸುತ್ತಾ ತಲೆಯಾಡಿಸಿದೆ. ಮದುವೆಯಾದ ಹುಡುಗಿ ಹೆದರಿ ಗಂಡನನ್ನು ಹಿಡಿದುಕೊಂಡಳು. ಟೇಕ್ ಮುಗಿದು ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ರಸ್ಕ್ ಸಾವಕಾಶವಾಗಿ ಎದ್ದುಬಂದ.

"ಲಯನೆಲ್, ಇದು ಪಿಶಾಚಿ. ಎದೆಗೆ ಮರದ ಗೂಟ. ತೋಳ ಮಾರ್ಚ್‌ನಲ್ಲೇ ಸತ್ತುಹೋಯ್ತು."

"ಓಹೋ" ಎಂದ ಹಾರ್ಬಾಟಲ್. ಆಮೇಲಿನ ಟೇಕಿನಲ್ಲೂ ಬೆಳ್ಳಿಯ ಗುಂಡೇ ಹಾರಿತು.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಮುದುಕನ ತಲೆಯಲ್ಲಿ ಮಾತು ನಿಲ್ಲುತ್ತಿಲ್ಲ. ಹೀಗೇ ನಾಲ್ಕು ದಿನ ಆದರೆ ರಸ್ಕ್ ಕಿತ್ತುಹಾಕುತ್ತಾನೆ. ಆಗ ಪ್ರೊಫೆಸರನ ಮಾತೆಲ್ಲ ಬಾಯಿಪಾಠ ಇರುವವನೊಬ್ಬ ಕಣ್ಣೆದುರಿಗೇ ಇದ್ದರೆ? ಇಂಥ ಒಳ್ಳೆಯ ಯೋಚನೆ ನನಗೆ ಬಂದದ್ದಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಅಕ್ಟೋಬರ್ ೧೦, ಭಾನುವಾರ

ಪ್ರೊಫೆಸರನ ಮಾತು ಪೂರ್ತಿ ಬಂತು. ಸ್ನಾನ ಮಾಡುತ್ತಾ, ಕಲ್ಲಿದ್ದಲು ತರುತ್ತಾ, ಬೆಕ್ಕಿಗೆ ಹಾಲು ಹಾಕುತ್ತಾ ಹೇಳಿಕೊಂಡೆ. ಪಕ್ಕದ ಮನೆಯಾಕೆ ಬೇಲಿಯ ಆಚೆಯಿಂದ, "ಟಿಬಿಟ್ ಅವರೇ, ಯಾರ ಎದೆಗೆ ಗೂಟ ಹೊಡೀತೀರಿ?" ಎಂದು ಕೇಳಿದಳು. ಮೇವಿಸ್ ಒಳಗಿನಿಂದ, "ಲಯನೆಲ್ ಹಾರ್ಬಾಟಲ್ ಅನ್ನೋರ ಎದೆಗೆ" ಎಂದು ಕೂಗಿದಳು. ಅವಳಿಗೆ ಈ ಏರ್ಪಾಡು ಹಿಡಿಸಿಲ್ಲ.

"ಆ ವಯಸ್ಸಾದೋರು ಎಡವೋದನ್ನ ಕಾಯ್ತಾ ಕೂತಿದ್ಯಲ್ಲ, ನಾಚಿಕೆ ಆಗಲ್ವಾ ನಿನಗೆ?"

"ನಟನಿಗೆ ನಾಚಿಕೆ ಇದ್ರೆ ಅಂಚೆ ಕಚೇರೀಲಿ ಕೆಲಸ ಮಾಡ್ತಿದ್ದ" ಎಂದೆ. ಚೆನ್ನಾಗಿತ್ತು ಅನ್ನಿಸಿ ಇಲ್ಲಿ ಬರೆದಿಟ್ಟಿದ್ದೇನೆ. ಅವಳು ನಗಲಿಲ್ಲ.

ಅಕ್ಟೋಬರ್ ೧೨, ಮಂಗಳವಾರ

ಬೆಳಗ್ಗೆ ಸತ್ತೆ. ಮಧ್ಯಾಹ್ನದ ಊಟಕ್ಕೆ ಮಾಂಸದ ಪೈ ಇತ್ತು.

ಹೆಣವಾಗುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಹೊಸಬರು ಉಸಿರು ಬಿಗಿಹಿಡಿಯುತ್ತಾರೆ, ಕೊನೆಗೆ ಕೆಮ್ಮುತ್ತಾರೆ. ಉಸಿರನ್ನು ಬಿಗಿಹಿಡಿಯಬಾರದು, ಹೊಟ್ಟೆಯ ತಳಕ್ಕೆ ಇಳಿಸಿ, ಪಕ್ಕೆಲುಬಿಗೆ ಗೊತ್ತಾಗದಂತೆ ಎಳೆಯಬೇಕು. ತುಟಿ ಕೂದಲೆಳೆಯಷ್ಟು ತೆರೆದಿರಬೇಕು. ಕ್ಯಾಮೆರಾ ಮೂಗಿನ ಹತ್ತಿರ ಬಂದರೂ ನನ್ನ ಉಸಿರು ಕಂಡವರಿಲ್ಲ. ಐಡಾ ನನ್ನ ಕುತ್ತಿಗೆಗೆ ಎರಡು ಹಲ್ಲಿನ ಗುರುತು ಬರೆಯುತ್ತಾ, "ಬದುಕಿದ್ದಾಗಲೂ ನೀನು ಇಷ್ಟೇ ಸುಮ್ನಿದ್ದಿದ್ರೆ ಮೇವಿಸ್ ಪುಣ್ಯವಂತೆ" ಅಂದಳು. ಹೆಣಕ್ಕೆ ಉತ್ತರ ಕೊಡುವ ಹಾಗಿಲ್ಲ.

ಅಕ್ಟೋಬರ್ ೧೩, ಬುಧವಾರ

ಏನೋ ಆಗಿಹೋಯಿತು.

ನನ್ನನ್ನು ಅಂಗಡಿಯ ಮೇಜಿನ ಮೇಲೆ ಮಲಗಿಸಿದ್ದರು. ಹಾರ್ಬಾಟಲ್ ಬಗ್ಗಿ ಗಾಯ ಪರೀಕ್ಷಿಸಿ, ಊರವರಿಗೆ ಒಂದು ಭಾಷಣ ಮಾಡಬೇಕು. ಮೊದಲ ಟೇಕಿನಲ್ಲಿ ಅರ್ಧಕ್ಕೆ ನಿಂತ. ಎರಡನೆಯದರಲ್ಲಿ ಕಾಲು ಭಾಗಕ್ಕೆ. ಆಮೇಲೆ ಶುರುವೇ ಆಗಲಿಲ್ಲ. ನಾನು ಒಳಗೊಳಗೇ ಹಿಗ್ಗುತ್ತಾ ಮಲಗಿದ್ದೆ. ರಸ್ಕ್‌ನ ಧ್ವನಿ ಪ್ರತಿ ಸಲವೂ ಇನ್ನಷ್ಟು ಮೃದುವಾಗುತ್ತಿತ್ತು. ಅವನು ಮೃದುವಾದನೆಂದರೆ ಯಾರದೋ ಕೆಲಸ ಹೋಗುತ್ತದೆ ಎಂದು ಸ್ಟುಡಿಯೋದ ಬೆಕ್ಕಿಗೂ ಗೊತ್ತು.

ಮತ್ತೆ ಬಗ್ಗಿದ. ನನ್ನ ಕಣ್ಣು ಅರೆ ತೆರೆದಿತ್ತು, ಹೆಣದ ಕಣ್ಣು ಹಾಗೇ ಇರಬೇಕು. ಅವನ ಮುಖ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಬೆವರಿಗೆ ಮೇಕಪ್ ಹರಿದು ಗಡ್ಡದೊಳಗೆ ಇಳಿಯುತ್ತಿತ್ತು. ಬಾಯಿ ತೆರೆದ. ಮಾತಿಲ್ಲ. ಕಣ್ಣು ನನ್ನ ಕುತ್ತಿಗೆಯ ಮೇಲೆ ಏನನ್ನೋ ಹುಡುಕುತ್ತಿತ್ತು.

‘ಮಹನೀಯರೇ, ಇದು ಮೃಗದ ಹಲ್ಲಲ್ಲ’ ಎಂದು ನಾನು ತುಟಿ ಅಲ್ಲಾಡಿಸದೆ ಉಸಿರಿನಲ್ಲೇ ಹೇಳಿಕೊಟ್ಟೆ.

"ಮಹನೀಯರೇ" ಎಂದು ಹಾರ್ಬಾಟಲ್ ಗುಡುಗಿದ. "ಇದು ಮೃಗದ ಹಲ್ಲಲ್ಲ!" ಅವನು ಉಸಿರು ತೆಗೆದುಕೊಂಡಾಗ ಮುಂದಿನದನ್ನು ಹೇಳಿಕೊಟ್ಟೆ. ಹೀಗೆ ಕೊನೆಯವರೆಗೂ ಹೋಯಿತು. ಮುಗಿದಾಗ ಐಡಾ ಕಣ್ಣೊರೆಸಿಕೊಳ್ಳುತ್ತಿದ್ದಳು.

ಏಕೆ ಹೇಳಿಕೊಟ್ಟೆ ಎಂದರೆ, ಮೇಜು ತಣ್ಣಗಿತ್ತು, ನನ್ನ ಸೊಂಟ ಹಿಡಿದಿತ್ತು. ಬೇಗ ಮುಗಿಯಲಿ ಎಂದು. ಬೇರೇನೂ ಇಲ್ಲ.

ಅಕ್ಟೋಬರ್ ೧೪, ಗುರುವಾರ

ಧ್ವನಿ ಹಿಡಿಯುವ ನಾಬಿ ನನ್ನನ್ನು ಚಹಾ ಗಾಡಿಯ ಹಿಂದಕ್ಕೆ ಎಳೆದ.

"ಹೋರೇಸ್, ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ನನ್ನ ಟೇಪಿನಲ್ಲಿ ಹೆಣ ಮಾತಾಡಿದ್ದು ಇದೇ ಮೊದಲು."

"ರಸ್ಕ್‌ಗೆ ಹೇಳ್ತೀಯಾ?"

"ನೀನು ಹೇಳಿಕೊಡೋದು ಅವ್ರು ಬಾಯಿ ಬಿಡೋಕೆ ಮುಂಚೆ. ಅದಿಷ್ಟನ್ನ ಕತ್ತರಿಸಿ ಬಿಸಾಕಿದ್ರೆ ಯಾರಿಗೂ ಗೊತ್ತಾಗಲ್ಲ. ಆದ್ರೆ ಇನ್ನೊಂದು ಸ್ವಲ್ಪ ಬಾಯಿ ಬಿಟ್ಟು ಹೇಳು ಮಾರಾಯ. ಅರ್ಧ ನನಗೇ ಕೇಳ್ಸಲ್ಲ, ಪಾಪ ಅವ್ರಿಗೇನು ಕೇಳ್ಸುತ್ತೆ?"

ಸಂಜೆ ನಿನ್ನೆಯ ಚಿತ್ರೀಕರಣವನ್ನು ಹಾಕಿ ನೋಡಿದರು. ನನ್ನ ಪಿಸುಮಾತು ತೆಗೆದ ಜಾಗದಲ್ಲೆಲ್ಲ ಪ್ರೊಫೆಸರ್ ಹೆಣವನ್ನೇ ನೋಡುತ್ತಾ ಮೌನವಾಗಿ ನಿಲ್ಲುತ್ತಾನೆ. "ಆ ಮೌನ ನೋಡಿ! ಈಗಿನ ಹುಡುಗರಿಗೆ ಇದು ಬರಲ್ಲ" ಎಂದು ನಿರ್ಮಾಪಕರು ತೊಡೆ ತಟ್ಟಿಕೊಂಡರು. ಆ ಮೌನದ ತುಂಬ ನಾನು ಬಡಬಡಿಸುತ್ತಿದ್ದೆ. ನನ್ನ ಜೀವಮಾನದ ಅತ್ಯುತ್ತಮ ನಟನೆಯನ್ನು ಕತ್ತರಿಸಿ ನಾಬಿಯ ಕಸದಬುಟ್ಟಿಗೆ ಹಾಕಿದ್ದಾರೆ.

ಅಕ್ಟೋಬರ್ ೧೫, ಶುಕ್ರವಾರ

ಇವತ್ತು ಗ್ರಂಥಾಲಯದ ದೃಶ್ಯ, ಹೆಣಕ್ಕೆ ರಜೆ. ಆದರೂ ಹೋದೆ, ಅವನು ಬೀಳುವುದನ್ನು ಕಣ್ಣಾರೆ ನೋಡೋಣ ಎಂದು.

ಬಿದ್ದ. ಚೆನ್ನಾಗಿಯೇ ಬಿದ್ದ. ಪುಸ್ತಕದೊಳಗೆ ಚೀಟಿ ಇಟ್ಟರು, ಕನ್ನಡಕವಿಲ್ಲದೆ ಕಾಣಲಿಲ್ಲ. ಕರಿಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದರು, ಕಣ್ಣು ಅದರ ಮೇಲೆ ಓಡಾಡುವುದು ಎಲ್ಲರಿಗೂ ಕಾಣುತ್ತಿತ್ತು. ಕೊನೆಗೆ ಮತ್ತೆ ಬೆಳ್ಳಿಯ ಗುಂಡು. ಹಿಂದೆ ನಿಂತಿದ್ದ ಬಡಗಿಯೊಬ್ಬ ಕಿಸಕ್ಕನೆ ನಕ್ಕ. ರಸ್ಕ್ ಬಹಳ ಮೃದುವಾಗಿ, "ಇವತ್ತಿಗೆ ಸಾಕು ಲಯನೆಲ್" ಎಂದ. ಇದನ್ನೇ ನೋಡಲು ಬಂದಿದ್ದೆನಾದರೂ ಖುಷಿಯಾಗಲಿಲ್ಲ. ಚಹಾ ಬೇರೆ ಆರಿಹೋಗಿತ್ತು.

ಬೆಂಕಿಪೊಟ್ಟಣ ಕೇಳುವ ನೆಪದಲ್ಲಿ ಅವನ ಕೋಣೆಗೆ ಹೋದೆ. ಕೋಟು ತೆಗೆಯದೆ ಕನ್ನಡಿಯ ಮುಂದೆ ಕೂತಿದ್ದ. ಅರ್ಧ ಗಡ್ಡ ಕಿತ್ತಿತ್ತು, ಉಳಿದರ್ಧ ಕೆನ್ನೆಗೆ ಜೋತಾಡುತ್ತಿತ್ತು.

"ಮೊನ್ನೆ ಹೇಳಿಕೊಟ್ಟೋನು ನೀನೇ ಅಲ್ವೇನಪ್ಪಾ?"

"ಹೌದು."

"ಬಲಗಿವಿಗೆ ಹೇಳಬೇಕಿತ್ತು. ನಂದು ಎಡಗಿವಿ ಮಂದ."

ಕೃತಜ್ಞತೆ ಅಂದರೆ ಇದೇ ಅಂತ ಕಾಣುತ್ತದೆ. ತಿರುಗಿ ಹೊರಟೆ. ಆಗ ಹಿಂದಿನಿಂದ, "ಮಾತೆಲ್ಲ ಇದಾವಪ್ಪ. ಒಳಗೇ ಇದಾವೆ. ಬೀಗದ ಕೈ ಎಲ್ಲಿಟ್ಟೆ ಅಂತ ಗೊತ್ತಾಗ್ತಿಲ್ಲ ಅಷ್ಟೇ" ಎಂಬ ಮಾತು ಕೇಳಿಸಿತು. ರಂಗದ ಧ್ವನಿಯಲ್ಲ. ಯಾರೋ ಮುದುಕರ ಧ್ವನಿ.

ಹಾರ್ಬಾಟಲ್ ಅವರ ತಂಗಿಯ ಮಗಳು ಅವರನ್ನು ನಟರ ವೃದ್ಧಾಶ್ರಮಕ್ಕೆ ಸೇರಿಸಲು ತುದಿಗಾಲಲ್ಲಿ ನಿಂತಿದ್ದಾಳಂತೆ. ಕೆಲಸ ಇರುವವರೆಗೆ ಬೇಡ ಎಂದು ಇವರು ಹಟ ಹಿಡಿದಿದ್ದಾರೆ. ಚಿತ್ರದ ಮಧ್ಯದಲ್ಲಿ ತೆಗೆದುಹಾಕಿದರು ಅಂತ ಸುದ್ದಿಯಾದರೆ ಇನ್ನು ಯಾರೂ ಕರೆಯುವುದಿಲ್ಲ, ಹಟಕ್ಕೆ ಆಧಾರವೂ ಇರುವುದಿಲ್ಲ.

"ಹೋಗಿ ನೋಡಿಬಂದೆ ಕಣಪ್ಪ ಆ ಜಾಗಾನ. ಅಲ್ಲಿ ಎಲ್ಲರೂ ರಾಜರೇ. ಊಟದ ಮೇಜಿನ ಸುತ್ತ ಬರೀ ರಾಜರು. ಈಟಿ ಹಿಡ್ಕೊಂಡು ಹಿಂದೆ ನಿಲ್ಲೋಕೆ ಒಬ್ಬನೂ ಇಲ್ಲ."

ನಾನು ಅವರ ಉಳಿದ ಗಡ್ಡವನ್ನು ಸ್ಪಿರಿಟ್ ಹಚ್ಚಿ ಬಿಡಿಸಿಕೊಟ್ಟೆ. ಹಾಗೇ ಎಳೆದರೆ ಚರ್ಮ ಕಿತ್ತು ಬರುತ್ತದೆ.

ಅಕ್ಟೋಬರ್ ೧೭, ಭಾನುವಾರ

ಮೇವಿಸ್ ಹಾರ್ಬಾಟಲ್ ಅವರನ್ನು ಊಟಕ್ಕೆ ಕರೆದಿದ್ದಳು. ನಾನಲ್ಲ, ಅವಳು. ವಿಳಾಸ ಕೊಟ್ಟವನು ಮಾತ್ರ ನಾನು.

ಹುರಿದ ಕೋಳಿ, ಎಲೆಕೋಸು, ಕೊನೆಗೆ ಸೇಬಿನ ಪುಡಿಂಗು. ಅವರು ಎರಡು ಸಲ ಹಾಕಿಸಿಕೊಂಡು ಮೇವಿಸ್‌ಳ ಕೈಗೆ ಮುತ್ತಿಟ್ಟರು. ಅವಳು ಹುಡುಗಿಯಂತೆ ಕೆಂಪಾದಳು. ನನ್ನ ಕೈಯಿಂದ ಈ ಕೆಲಸ ಯಾವತ್ತೂ ಆಗಿಲ್ಲ. ಊಟದ ಮೇಲೆ ನಾನು ಸೋಫಾದ ಮೇಲೆ ಹೆಣವಾಗಿ ಮಲಗಿದೆ, ಅವರು ಬಲಗಿವಿ ಬಗ್ಗಿಸಿ ನಿಂತರು, ಮೇವಿಸ್ ಊರಿನ ಜನರಾದಳು. ನಾನು ಹೇಳಿಕೊಟ್ಟರೆ ಸಲೀಸಾಗಿ ಬರುತ್ತದೆ. ನಾನು ಎದ್ದು ಅಡುಗೆಮನೆಗೆ ಹೋದ ಕೂಡಲೇ ನಿಂತುಹೋಗುತ್ತದೆ.

"ಈ ಮನುಷ್ಯ ಸತ್ತಿದ್ರೇನೇ ನನಗೆ ಧೈರ್ಯ" ಎಂದರು ಮೇವಿಸ್‌ಗೆ.

"ನನಗೂ ಅಷ್ಟೇ" ಎಂದಳು ಅವಳು. ಇಬ್ಬರೂ ಸೇರಿ ಬಹಳ ಹೊತ್ತು ನಕ್ಕರು.

ಅಕ್ಟೋಬರ್ ೧೮, ಸೋಮವಾರ

ಇವತ್ತಿನದನ್ನು ಬರೆಯಲು ಬೇಸರ. ಆದರೂ ಬರೆಯುತ್ತೇನೆ, ನಾನು ಎಂಥ ದಡ್ಡ ಎಂಬುದಕ್ಕೆ ಒಂದು ದಾಖಲೆ ಇರಲಿ.

ರಸ್ಕ್ ಕರೆದು ಬಾಗಿಲು ಹಾಕಿದ.

"ನೋಡು ಹೋರೇಸ್, ಲಯನೆಲ್ ಕೈಲಿ ಆಗಲ್ಲ. ಕಳಿಸಿಬಿಡ್ತೀನಿ. ನಿನಗೆ ಅವನ ಮಾತೆಲ್ಲ ಬರ್ತದಂತೆ, ಮೇಕಪ್ ಹಚ್ಚಿಸ್ಕೊಳ್ತಾ ಗೊಣಗ್ತಿರ್ತೀಯಂತೆ, ಐಡಾ ಬಾಯಿ ಜಾರಿ ಹೇಳಿದ್ಲು. ಅವನು ಮಾಡಿದ್ದಿಷ್ಟನ್ನೂ ನಿನ್ನ ಕೈಲಿ ಮತ್ತೆ ಮಾಡಿಸ್ತೀನಿ. ಹೆಂಡದಂಗಡಿಗೆ ಬೇರೆ ಯಾರನ್ನಾದ್ರೂ ಹಿಡಿದು ಸಾಯಿಸಿದ್ರಾಯ್ತು."

ಇಷ್ಟು ವರ್ಷ ಕಾದ ಮಾತು. ಪ್ರೊಫೆಸರ್. ಕೊನೆಯ ರೀಲು. ಹೆಸರು ಬರೆದ ಕುರ್ಚಿ.

"ಎಲ್ಲಿ, ಗ್ರಂಥಾಲಯದ ಮಾತು ಒಂದ್ಸಲ ಹೇಳು ನೋಡೋಣ."

‘ಮಹನೀಯರೇ, ಈ ಗ್ರಂಥದಲ್ಲಿ...’ ಎಂದೆ. ಅಷ್ಟೇ. ಮುಂದಿನದು ಹಾರಿಹೋಯಿತು. ರಸ್ಕ್ ಕಾದ. ನಾನು ಬಾಯಿ ತೆರೆದು ನಿಂತಿದ್ದೆ. "ಇಲ್ಲ ಸಾರ್, ಒಂದೊಂದು ಸಾಲು ಅಲ್ಲಿಲ್ಲಿ ಗೊತ್ತು. ಪೂರ್ತಿ ಬರಲ್ಲ. ನಾನು ಬರೀ ಸಾಯೋನು" ಎಂದೆ. ಅವನು ಎದ್ದು ಬಾಗಿಲು ತೆರೆದ. ಆಮೇಲೆ, "ತೊಲಗು" ಎಂದ.

ಮೇವಿಸ್‌ಗೆ ಹೇಳಿದಾಗ ಅವಳು, "ಬೆಳಗ್ಗೆ ಶೂಗೆ ಪಾಲಿಷ್ ಹಾಕ್ತಾ ಅದನ್ನೇ ಪೂರ್ತಿ ಹೇಳಿದ್ಯಲ್ಲ" ಅಂದಳು.

"ಹೆದರಿಕೆಗೆ ಮರೆತುಹೋಯ್ತು."

"ಸುಳ್ಳ" ಎಂದು ನನ್ನ ಬೋಳುತಲೆಗೆ ಒಂದು ಮುತ್ತು ಕೊಟ್ಟು ಒಳಗೆ ಹೋದಳು. ಹೆಂಗಸರಿಗೆ ಎಲ್ಲದರಲ್ಲೂ ಏನೋ ಕಾಣುತ್ತದೆ. ನಿಜವಾಗಿಯೂ ಮರೆತಿತ್ತು. ಬಸ್ಸಿನಲ್ಲಿ ಮತ್ತೆ ನೆನಪಾಯಿತು, ಆಗ ಏನು ಪ್ರಯೋಜನ?

ಅಕ್ಟೋಬರ್ ೧೯, ಮಂಗಳವಾರ

ಬೆಳಗ್ಗೆ ರಸ್ಕ್ ಎಲ್ಲರನ್ನೂ ಸೇರಿಸಿ ಕೂಗಾಡಿದ. ಬದಲಿ ನಟ ಇಲ್ಲ, ವಾರದ ಕೊನೆಗೆ ಸೆಟ್ ಒಡೆದು ಮಮ್ಮಿಯ ಚಿತ್ರಕ್ಕೆ ಈಜಿಪ್ಟ್ ಕಟ್ಟಬೇಕು, ಏನು ಮಾಡಲಿ ಹೇಳಿ ಎಂದ. "ಅದೇ ಮನುಷ್ಯ ಅಂಗಡಿಯ ಮೇಜಿನ ಹತ್ರ ಅಷ್ಟು ಚೆನ್ನಾಗಿ ಮಾಡಿದ್ನಲ್ಲ, ಗ್ರಂಥಾಲಯದಲ್ಲಿ ಏನಾಯ್ತು ಅವನಿಗೆ?"

ನಾಬಿ ಇಯರ್‌ಫೋನ್ ತೆಗೆದು, "ಮೇಜಿನ ಹತ್ರ ಹೆಣ ಇತ್ತು" ಎಂದ.

ರಸ್ಕ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನತ್ತ ತಿರುಗಿದ. ನಾನು ಆ ಕ್ಷಣವೇ ಸಾಯಲು ಸಿದ್ಧನಿದ್ದೆ, ಅಭ್ಯಾಸವಿದೆ. ಬೈಯುತ್ತಾನೆಂದುಕೊಂಡರೆ ಹಣೆಗೆ ಕೈ ಹಚ್ಚಿ ಕೂತು ನಗತೊಡಗಿದ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಆಮೇಲೆ ಸ್ಕ್ರಿಪ್ಟ್ ಎಳೆದುಕೊಂಡು ಪೆನ್ಸಿಲಿನಿಂದ ಗೀಚಿದ. ‘ಕಚ್ಚಿಸಿಕೊಂಡವನು ಯಾವ ಗಳಿಗೆಯಲ್ಲಾದರೂ ಎದ್ದಾನು. ಹೆಣವನ್ನು ಕಣ್ಣಳತೆಯಿಂದ ಬಿಡಬಾರದು’ ಎಂದು ಪ್ರೊಫೆಸರನ ಬಾಯಲ್ಲಿ ಹೊಸ ಮಾತು ಬರೆದ.

"ಗ್ರಂಥಾಲಯಕ್ಕೆ ಹೊತ್ಕೊಂಡು ಹೋಗಿ ಇವನನ್ನ" ಎಂದು ಬಡಗಿಗಳಿಗೆ ಹೇಳಿದ.

ಸಂಜೆಯೊಳಗೆ ಗ್ರಂಥಾಲಯ ಮುಗಿಯಿತು.

ಅಕ್ಟೋಬರ್ ೨೦, ಬುಧವಾರ

ಇವತ್ತು ನನ್ನನ್ನು ಕುದುರೆಗಾಡಿಯಲ್ಲಿ, ಚರ್ಚಿನಲ್ಲಿ, ಕೋಟೆಯ ಮೆಟ್ಟಿಲ ಮೇಲೆ ಹೊತ್ತು ತಿರುಗಿದರು. ಕೊನೆಯ ರೀಲು ಮುಟ್ಟಬೇಕು ಎಂದು ಎಷ್ಟು ವರ್ಷ ಆಸೆಪಟ್ಟಿದ್ದೆ! ಮುಟ್ಟುತ್ತಿದ್ದೇನೆ, ಹೆಣವಾಗಿ.

ಸೊಂಟ ಪೂರ್ತಿ ಹೋಗಿದೆ. ಮೇವಿಸ್ ಬಿಸಿನೀರಿನ ಚೀಲ ಇಟ್ಟಿದ್ದಾಳೆ. ಹಾರ್ಬಾಟಲ್ ಅವರಿಗೆ ಚಳಿ ಆಗುತ್ತಿತ್ತು, ನನ್ನ ಉಣ್ಣೆಯ ಮಫ್ಲರ್ ಕೊಟ್ಟೆ. ಅವರ ಗಂಟಲು ಕೆಟ್ಟರೆ ನಮಗೆಲ್ಲ ತೊಂದರೆ.

ಅಕ್ಟೋಬರ್ ೨೨, ಶುಕ್ರವಾರ

ಇವತ್ತು ಸ್ಮಶಾನ. ಬಂಗಲೆಯ ಹಿಂದಿನ ತೋಟದಲ್ಲಿ ರಟ್ಟಿನ ಶಿಲುಬೆಗಳು, ಹೊಗೆ ಯಂತ್ರ, ನಡುವೆ ತೆರೆದ ಶವಪೆಟ್ಟಿಗೆ, ಒಳಗೆ ನಾನು. ಪಿಶಾಚಿ ಸತ್ತಾಗಿದೆ. ಪೆಟ್ಟಿಗೆಯ ಮೇಲೆ ಬಾಗಿ ಪ್ರೊಫೆಸರ್ ಕೊನೆಯ ಮಾತಾಡಬೇಕು, ಆಮೇಲೆ ಮುಚ್ಚಳ ಹಾಕುತ್ತಾರೆ. ಹೆಣವನ್ನು ಊರೆಲ್ಲ ಹೊತ್ತು ತಿರುಗಿದ ಮೇಲೆ ಅದಕ್ಕೊಂದು ಗೌರವ ಬೇಡವೇ ಎಂದು ರಸ್ಕ್ ಇದನ್ನು ಬೆಳಗ್ಗೆಯಷ್ಟೇ ಬರೆದಿದ್ದ. ಕಾಗದದ ಮೇಲೆ ಓದಿದಾಗ ನನಗೆ ನಗು ಬಂದಿತ್ತು. ಹಾರ್ಬಾಟಲ್ ಅವರ ಮುಖ ಮಾತ್ರ ಬಿಳಿಚಿತು. ಹಳೆಯ ಮಾತೇ ನಿಲ್ಲದ ತಲೆಗೆ ಹೊಸ ಮಾತು ಎಲ್ಲಿ ಹತ್ತಬೇಕು?

"ಹೆದರಬೇಡಿ, ಪೂರ್ತಿ ನಾನು ಹೇಳಿಕೊಡ್ತೀನಿ. ಬಲಗಿವಿ ಈ ಕಡೆ ಇಡಿ" ಎಂದೆ.

ಬೆಳಕು ಇಳಿಯುತ್ತಿತ್ತು. ಒಂದೇ ಟೇಕಿಗೆ ಸಮಯ ಎಂದು ಕ್ಯಾಮೆರಾದವನು ಕೂಗಿದ. ಅವರು ಬಾಗಿದರು. ನಾನು ಮೊದಲ ಸಾಲು ಹೇಳಿಕೊಟ್ಟೆ.

"ಇಲ್ಲಿ ಮಲಗಿರುವವನು ವೀರನಲ್ಲ" ಎಂದರು ಅವರು.

ಎರಡನೆಯ ಸಾಲಿಗೆ ಉಸಿರು ಎಳೆದುಕೊಳ್ಳುತ್ತಿದ್ದೆ. ಆಗ ಅವರು ಬೆರಳೊಂದನ್ನು ತಂದು ನನ್ನ ತುಟಿಯ ಮೇಲಿಟ್ಟರು. ಸತ್ತವನ ಬಾಯಿ ಮುಚ್ಚುವ ಹಾಗೆ ಮೆಲ್ಲಗೆ ಒತ್ತಿದರು. ಈ ಮುದುಕರು ಮಾತು ಕೆಡಿಸಿದರಲ್ಲ, ಕೊನೆಯ ದಿನವೇ ಕೆಡಿಸಿದರಲ್ಲ ಎಂದುಕೊಂಡೆ.

"ಇವನು ದೊಡ್ಡ ಮಾತಾಡಲಿಲ್ಲ" ಎಂದರು. ಗುಡುಗಲಿಲ್ಲ. ಪಕ್ಕದಲ್ಲಿ ಕೂತವನಿಗೆ ಹೇಳುವ ಹಾಗೆ ಹೇಳಿದರು. "ಬಾಗಿಲಲ್ಲಿ ದೀಪ ಹಿಡಿದು ನಿಂತ. ಹೋಗುವವರಿಗೆ ಹೋಗಬೇಡಿ ಎಂದ. ನಾವು ಕೇಳಲಿಲ್ಲ. ಕತ್ತಲೆಯನ್ನು ನಾವು ಗೆದ್ದೆವು ಎಂದು ನಾಳೆ ಊರು ಹೇಳುತ್ತದೆ. ಗೆದ್ದದ್ದು ನಾವಲ್ಲ. ನಾವು ಬರುವವರೆಗೆ ದೀಪ ಆರದಂತೆ ನೋಡಿಕೊಂಡವನು ಇವನು. ಮಲಗು, ಗೆಳೆಯಾ."

ಒಂದಕ್ಷರ ಬಿಡಲಿಲ್ಲ. ಒಂದಕ್ಷರ ಆಚೀಚೆ ಆಗಲಿಲ್ಲ.

"ಕಟ್!" ಎಂದ ರಸ್ಕ್. ಮರುಕ್ಷಣವೇ, "ಅಯ್ಯೋ ನಿನ್ನ! ಹೋರೇಸ್! ಹೆಣ ಅಳ್ತಾ ಇದೆ!"

ಮುಟ್ಟಿ ನೋಡಿಕೊಂಡೆ. ಕೆನ್ನೆ ಪೂರ್ತಿ ಒದ್ದೆ. ಐಡಾ ಹಚ್ಚಿದ ಬಿಳಿ ಬಣ್ಣದಲ್ಲಿ ಕಾಲುವೆ ಕೊರೆದು ಕಿವಿಯವರೆಗೆ ಹರಿದಿತ್ತು. ಎಷ್ಟು ಸಲ ಸತ್ತಿದ್ದೇನೆ, ನನ್ನ ಉಸಿರು ಕೂಡ ಯಾರಿಗೂ ಸಿಕ್ಕಿರಲಿಲ್ಲ. ಹಾರ್ಬಾಟಲ್ ಅವರು ಇಡೀ ಚಿತ್ರದಲ್ಲಿ ತಾವಾಗಿ ಹೇಳಿದ ಒಂದೇ ಒಂದು ಮಾತನ್ನು, ಹೆಣವಾಗುವುದರಲ್ಲಿ ತನ್ನ ಸಮ ಇಲ್ಲ ಎಂದು ಬೀಗುವ ಹೋರೇಸ್ ಟಿಬಿಟ್ ಕೆಡಿಸಿದ. ಹೊಗೆ ಕಣ್ಣಿಗೆ ಹೋಯಿತು ಎಂದೆ. ಗಾಳಿ ಮಾತ್ರ ಹೊಗೆಯನ್ನು ಆಚೆ ಕಡೆಗೆ ಒಯ್ಯುತ್ತಿತ್ತು.

ಬೆಳಕು ಹೋಗಿತ್ತು. ರಸ್ಕ್ ಆಕಾಶ ನೋಡಿದ, ಗಡಿಯಾರ ನೋಡಿದ, ನನ್ನನ್ನು ನೋಡಿ ತಲೆ ಚಚ್ಚಿಕೊಂಡ. "ಇರ್ಲಿ. ಸ್ಮಶಾನ ತಾನೆ. ಯಾರಾದ್ರೂ ಕೇಳಿದ್ರೆ ಇಬ್ಬನಿ ಅಂತ ಹೇಳೋಣ" ಎಂದ. ನಾಬಿ ಸದ್ದಿಲ್ಲದೆ ಬಂದು ಪೆಟ್ಟಿಗೆಯಿಂದ ಏಳಲು ಕೈ ಕೊಟ್ಟ.

ಹಾರ್ಬಾಟಲ್ ಅವರನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೊರಟೆ. ದಾರಿ ಗೊತ್ತಿದೆ ಎನ್ನುತ್ತಾರೆ, ಆದರೆ ಗೇಟಿನ ಹತ್ತಿರ ಬಲಕ್ಕೆ ಬದಲು ಎಡಕ್ಕೆ ತಿರುಗುತ್ತಾರೆ. ನನ್ನ ತೋಳು ಹಿಡಿದು ನಡೆದರು.

"ಯಾಕಪ್ಪಾ, ಎಲ್ಲರೂ ನನ್ನ ಕೈ ಕುಲುಕಿದ್ರು? ಏನಾಯ್ತು ಇವತ್ತು?"

"ಕೊನೆಯ ಮಾತು ಹೇಳಿದಿರಲ್ಲ, ಅದಕ್ಕೆ."

"ಹೇಳಿದ್ನಾ? ನೀನು ಹೇಳಿಕೊಟ್ಟಿರ್ತೀಯ."

"ಇಲ್ಲ. ನನ್ನ ಬಾಯಿ ಮುಚ್ಚಿ ನೀವೇ ಹೇಳಿದಿರಿ. ಒಂದಕ್ಷರ ಬಿಡಲಿಲ್ಲ."

ಅವರು ನಿಂತರು. ಮುಖವೆಲ್ಲ ಬೆಳಗಿತು. "ನಾನೇ? ಪೂರ್ತಿ?" ಎಂದು ನಕ್ಕರು. ಹಿಂದೆ ರಾಜನ ಪಾತ್ರ ಮುಗಿಸಿ, ಪರದೆ ಬೀಳುವ ಮೊದಲು ಪ್ರೇಕ್ಷಕರ ಕಡೆ ಬಾಗಿ ಹೀಗೇ ನಗುತ್ತಿದ್ದರೋ ಏನೋ. ನನಗೆ ಬೆನ್ನು ಮಾತ್ರ ಗೊತ್ತು.

ನಿಲ್ದಾಣದಲ್ಲಿ ಬೆಂಚಿನ ಮೇಲೆ ಕೂತೆವು. ಚಳಿ ಇತ್ತು. ಸ್ವಲ್ಪ ಹೊತ್ತಿನ ಮೇಲೆ ನನ್ನ ತೋಳು ಅಲುಗಿಸಿ, "ಯಾಕಪ್ಪಾ, ಎಲ್ಲರೂ ನನ್ನ ಕೈ ಕುಲುಕಿದ್ರು?" ಎಂದು ಕೇಳಿದರು.

ಹೇಳಿದೆ. ಮುಖವೆಲ್ಲ ಬೆಳಗಿತು.

ಬಸ್ಸು ತಡವಾಗಿತ್ತು. ಅದು ಬರುವಷ್ಟರಲ್ಲಿ ಮತ್ತೆ ಕೇಳಿದರು, ಮತ್ತೆ ಹೇಳಿದೆ.